ಮನೆಯ ವಿಡಿಯೊ ಸಂಗ್ರಹ: ಪರಿವರ್ತನೆಯ ವೇಗ ಮತ್ತು ಫೈಲ್ ಗಾತ್ರ

ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳ ಹಳೆಯ ಕ್ಯಾಸೆಟ್ ಮತ್ತು ಡಿವಿಡಿಗಳನ್ನು ಕಂಪ್ಯೂಟರ್ ಫೈಲ್‌ಗಳಾಗಿ ಮಾಡುವಾಗ ಸಮಯ, ಗಾತ್ರ ಮತ್ತು ಚಿತ್ರದ ಗುಣಮಟ್ಟ ಒಂದನ್ನೊಂದು ಜಗ್ಗುತ್ತವೆ. ಬೇಗ ಮುಗಿಯಬೇಕೆಂದರೆ ಫೈಲ್ ದೊಡ್ಡದಾಗುತ್ತದೆ ಇಲ್ಲವೆ ಚಿತ್ರ ಕೆಡುತ್ತದೆ. ಫೈಲ್ ಚಿಕ್ಕದಾಗಿಯೂ ಚಿತ್ರ ಚೆನ್ನಾಗಿಯೂ ಇರಬೇಕೆಂದರೆ ಕಂಪ್ಯೂಟರ್ ಹೆಚ್ಚು ಹೊತ್ತು ದುಡಿಯಬೇಕು.

ಗಾತ್ರದ ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ದರದ ವಿಡಿಯೊ ಗಂಟೆಗೆ 450 ಎಂಬಿ ಜಾಗ ಹಿಡಿಯುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಚಿತ್ರವನ್ನು ಸ್ವಲ್ಪವೂ ಸಂಕುಚಿಸದೆ 8 ಬಿಟ್‌ನಲ್ಲಿ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಬೇಕು. 1995ರಲ್ಲಿ ಬಂದ ಡಿವಿ ಟೇಪಿನ ವಿಡಿಯೊ ದರ 25 ಮೆಗಾಬಿಟ್. ಧ್ವನಿಯೂ ಸೇರಿ ಗಂಟೆಗೆ ಸುಮಾರು 13 ಜಿಬಿ. ಡಿವಿಡಿಯ ಎಂಪೆಗ್-2 ವಿಡಿಯೊ 5 ಮೆಗಾಬಿಟ್ ದರದಲ್ಲಿದ್ದರೆ 2.25 ಜಿಬಿ ಸಾಕು. ಅದನ್ನೇ ಎಚ್.264 ಎಂಬ ಸಂಕೋಚನ ವಿಧಾನದಲ್ಲಿ 2 ಮೆಗಾಬಿಟ್‌ಗೆ ಇಳಿಸಿದರೆ 900 ಎಂಬಿ.

ಪರಿವರ್ತನೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದಾದ ಟೇಪ್ ಓದುವ ಕೆಲಸಕ್ಕೆ ಅವಸರ ನಡೆಯದು. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ ಓಡಲು ಮೂರು ಗಂಟೆ ಬೇಕೇ ಬೇಕು, ಕಂಪ್ಯೂಟರ್ ಎಷ್ಟು ಚುರುಕಾಗಿದ್ದರೂ ಅಷ್ಟೇ. ಈ ಹಂತದಲ್ಲೇ ಹೆಚ್ಚಿನ ಎಚ್ಚರ ಅಗತ್ಯ. ಮಲೆನಾಡು, ಕರಾವಳಿಯಂಥ ತೇವದ ಊರುಗಳಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನೈ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಹೀಗಿರುವಾಗ ಒಮ್ಮೆ ಓಡಿಸಿದ ಟೇಪಿನಿಂದ ಸಿಗುವಷ್ಟನ್ನೂ ಪೂರ್ಣವಾಗಿ ಹಿಡಿದಿಡುವುದೇ ಸರಿ.

ಎರಡನೆಯದು ಸಂಕೋಚನ. ವೇಗದ ಆಯ್ಕೆ ನಿಜವಾಗಿ ಇರುವುದು ಇಲ್ಲಿ. ಎಚ್.264ರ ಜನಪ್ರಿಯ ಎನ್‌ಕೋಡರ್ ಎಕ್ಸ್264ರಲ್ಲಿ 'ಅಲ್ಟ್ರಾಫಾಸ್ಟ್'ನಿಂದ 'ಪ್ಲಸೀಬೊ'ವರೆಗೆ ಪ್ರಿಸೆಟ್‌ಗಳಿವೆ. ನಿಧಾನದ ಪ್ರಿಸೆಟ್ ಹಿಂದಿನ ಮುಂದಿನ ಚೌಕಟ್ಟುಗಳಲ್ಲಿ ಹೋಲಿಕೆಯನ್ನು ಹೆಚ್ಚು ಆಳವಾಗಿ ಹುಡುಕಿ, ಅಷ್ಟೇ ಗುಣಮಟ್ಟವನ್ನು ಕಡಿಮೆ ಬಿಟ್‌ಗಳಲ್ಲಿ ಕೊಡುತ್ತದೆ. ಆದರೆ ಲಾಭ ಒಂದೇ ಸಮನಾಗಿ ಹೆಚ್ಚುವುದಿಲ್ಲ. 'ಅಲ್ಟ್ರಾಫಾಸ್ಟ್'ನಿಂದ 'ಮೀಡಿಯಂ'ಗೆ ಬಂದಾಗ ಗಾತ್ರ ಗಣನೀಯವಾಗಿ ತಗ್ಗುತ್ತದೆ; 'ಸ್ಲೋ' ದಾಟಿದ ಮೇಲೆ ಉಳಿಯುವ ಜಾಗ ಅಲ್ಪ, ಹಿಡಿಯುವ ಹೊತ್ತು ವಿಪರೀತ. ಮನೆಯ ಸಂಗ್ರಹಕ್ಕೆ 'ಮೀಡಿಯಂ' ಅಥವಾ 'ಸ್ಲೋ' ಸಾಕು.

2013ರ ಎಚ್.265 ಮತ್ತು 2018ರ ಎವಿ1 ಇನ್ನೂ ಚಿಕ್ಕ ಫೈಲ್ ಕೊಡಬಲ್ಲವು. ಎಚ್.265ರ ಗುರಿ ಅರ್ಧದಷ್ಟು ದರದಲ್ಲಿ ಎಚ್.264ರ ಗುಣಮಟ್ಟ ಕೊಡುವುದು. ಅದು ಫಲಿಸುವುದು ಮುಖ್ಯವಾಗಿ 4ಕೆಯಂಥ ದೊಡ್ಡ ಚಿತ್ರಗಳಲ್ಲಿ; 576 ಗೆರೆಗಳ ಹಳೆಯ ಚಿತ್ರದಲ್ಲಿ ಉಳಿತಾಯ ಕಡಿಮೆ, ಸಮಯ ಮಾತ್ರ ಹಲವು ಪಟ್ಟು. ಇಂಟೆಲ್‌ನ ಕ್ವಿಕ್ ಸಿಂಕ್, ಎನ್‌ವಿಡಿಯಾದ ಎನ್‌ವೆಂಕ್‌ನಂಥ ಚಿಪ್ ಎನ್‌ಕೋಡರ್‌ಗಳು ಬಹಳ ವೇಗದವು. ಆದರೆ ಅಷ್ಟೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ನಿಧಾನದ ಸಾಫ್ಟ್‌ವೇರ್ ಎನ್‌ಕೋಡರ್‌ಗಿಂತ ದೊಡ್ಡ ಫೈಲ್ ಮಾಡುತ್ತವೆ.

ಹೋಲಿಸುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಗುಣಮಟ್ಟ ನಿಯಂತ್ರಿಸುವ ಸಿಆರ್‌ಎಫ್ ಸಂಖ್ಯೆ ಬೇರೆ ಬೇರೆ ಎನ್‌ಕೋಡರ್‌ಗಳಲ್ಲಿ ಒಂದೇ ಅರ್ಥ ಕೊಡುವುದಿಲ್ಲ. ಎಕ್ಸ್264ರಲ್ಲಿ ಮೊದಲೇ ಇಟ್ಟಿರುವ ಸಂಖ್ಯೆ 23, ಎಚ್.265ರ ಎನ್‌ಕೋಡರ್ ಎಕ್ಸ್265ರಲ್ಲಿ 28. ಎರಡರಲ್ಲೂ 23 ಇಟ್ಟು ಗಾತ್ರ ಹೋಲಿಸುವುದು ನ್ಯಾಯವಲ್ಲ. ಪ್ರಯೋಗಕ್ಕೆ ಆರಿಸುವ ತುಣುಕಿನಲ್ಲಿ ಚಲನೆಯೂ ಟೇಪಿನ ಗದ್ದಲದ ಚುಕ್ಕೆಗಳೂ ಇರಬೇಕು, ಏಕೆಂದರೆ ಬಿಟ್‌ಗಳನ್ನು ಹೆಚ್ಚು ನುಂಗುವುದು ಅವೇ. ವಿಎಚ್‌ಎಸ್ ಚಿತ್ರ ಮಸುಕಾಗಿದ್ದರೂ ಅದರ ಫೈಲ್ ನಿರೀಕ್ಷೆಗಿಂತ ದೊಡ್ಡದಾಗಲು ಇದೇ ಕಾರಣ.

ಈಗಾಗಲೇ ಡಿಜಿಟಲ್ ಆಗಿರುವ ಡಿವಿ ಮತ್ತು ಡಿವಿಡಿಗಳನ್ನು ಮತ್ತೆ ಸಂಕುಚಿಸದೆ, ಎಂಕೆವಿಯಂಥ ಹೊಸ ಪೊಟ್ಟಣಕ್ಕೆ ಹಾಗೆಯೇ ವರ್ಗಾಯಿಸಬಹುದು. ಫೈಲ್ ಡಿಸ್ಕ್‌ನಲ್ಲಿದ್ದರೆ ಕೆಲವೇ ನಿಮಿಷದ ಕೆಲಸ, ಗುಣಮಟ್ಟವೂ ಒಂದಿಷ್ಟೂ ಇಳಿಯದು. ಡಿವಿ ಮೂಲ ಪ್ರತಿಗಳನ್ನು ಹೀಗೇ ಇಟ್ಟರೂ 1 ಟಿಬಿ ಡಿಸ್ಕ್‌ಗೆ ಸುಮಾರು 75 ಗಂಟೆ ಹಿಡಿಸುತ್ತದೆ. ವಿಎಚ್‌ಎಸ್‌ನಿಂದ ಹಿಡಿದದ್ದಕ್ಕೆ ಗ್ರಂಥಾಲಯ, ದಾಖಲಾಗಾರಗಳು ನೆಚ್ಚುವ ನಷ್ಟರಹಿತ ಎಫ್‌ಎಫ್‌ವಿ1 ಇದೆ. ಗಾತ್ರ ಅರ್ಧಕ್ಕೂ ಕೆಳಗಿಳಿಯಬಹುದು, ಮೂಲದ ಒಂದು ಬಿಂದುವೂ ಕಳೆಯದು. ಮನೆಮಂದಿ ನೋಡಲು ಬೇರೆಯಾಗಿ ಎಚ್.264ರ ಎಂಪಿ4 ಪ್ರತಿ ಮಾಡಿದರೆ ಅದು ಫೋನ್, ಟಿವಿ ಎರಡರಲ್ಲೂ ಓಡುತ್ತದೆ. ಅಮೆರಿಕದಲ್ಲಿರುವ ನೆಂಟರ ಟೇಪುಗಳು ಎನ್‌ಟಿಎಸ್‌ಸಿ ಪದ್ಧತಿಯವಾಗಿದ್ದರೆ ಅವುಗಳ 29.97 ಚೌಕಟ್ಟಿನ ದರವನ್ನು ಹಾಗೆಯೇ ಬಿಡಬೇಕು. 25ಕ್ಕೆ ಬದಲಿಸಿದರೆ ಚಲನೆ ತಡವರಿಸುತ್ತದೆ.