ರೈಖೆನ್‌ಬಾಖ್: ಹಳ್ಳವೊಂದರ ಕೀರ್ತಿ

ಸ್ವಿಟ್ಜರ್ಲೆಂಡಿನ ಮೈರಿಂಗನ್ ಊರಿನ ಮೇಲ್ಗಡೆ ಹಂತಹಂತವಾಗಿ ಧುಮುಕಿ ಆರೆ ನದಿಯನ್ನು ಸೇರುವ ರೈಖೆನ್‌ಬಾಖ್ ಹಳ್ಳಕ್ಕೆ ರೋಸನ್‌ಲಾವಿ ಹಿಮನದಿಯ, ಅಂದರೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಜರುಗುವ ಮಂಜುಗಡ್ಡೆಯ ರಾಶಿಯ, ಕರಗಿದ ನೀರು ಬಂದು ಕೂಡುತ್ತದೆ. ಇಂಥ ನೀರು, ಮಂಜುಗಡ್ಡೆಯಡಿ ಬಂಡೆ ಸವೆದು ಉದುರಿದ ನುಣ್ಣನೆಯ ಹುಡಿಯಿಂದಾಗಿ, ಅಕ್ಕಿ ತೊಳೆದ ನೀರಿನಂತೆ ಮಸುಕಾಗಿರುತ್ತದೆ. 1802ರಲ್ಲಿ ಆಲ್ಪ್ಸ್ ಸುತ್ತಿದ್ದ ಚಿತ್ರಕಾರ ಟರ್ನರ್ 1804ರಲ್ಲಿ ಈ ಹಳ್ಳದ ಜಲಪಾತವನ್ನು ಜಲವರ್ಣದಲ್ಲಿ ಚಿತ್ರಿಸಿದರೂ, ಅದಕ್ಕೆ ಲೋಕಪ್ರಸಿದ್ಧಿ ಬಂದದ್ದು 1893ರಲ್ಲಿ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಇಲ್ಲಿಯೇ ಕಥೆಯಲ್ಲಿ ಕೊನೆಗಾಣಿಸಿದಾಗ. ಮುಂದೆ ಅವನನ್ನು ಬದುಕಿಸಬೇಕಾಗಿ ಬಂದದ್ದು ಬೇರೆ ಮಾತು. ನಡೆಯದ ಸಾವಿನ ಆ ಸ್ಥಳವನ್ನು ಇಂದು ಬಂಡೆಯ ಮೇಲಿನ ಬಿಳಿಯ ನಕ್ಷತ್ರವೊಂದು ತೋರಿಸುತ್ತದೆ. ಜಲಪಾತದತ್ತ ಹೋಗುವವರಿಗಾಗಿ 1899ರಲ್ಲಿ, ಕಡಿದಾದ ಏರಿನಲ್ಲಿ ಹಗ್ಗದಿಂದ ಎಳೆಯುವ ಹಳಿಬಂಡಿ ಆರಂಭವಾಯಿತು. ಹಳ್ಳದ ನೀರನ್ನು ವಿದ್ಯುತ್ತಿಗೂ ತಿರುಗಿಸುವುದರಿಂದ ಧಾರೆ ಕೆಲವೊಮ್ಮೆ ಸೊರಗುತ್ತದೆ.