ದವಡೆಯ ಕೀಲು ಮತ್ತು ಒಳಕಿವಿ: ಕಾಸ್ಟನ್ ವಾದದ ಮರುಪರಿಶೀಲನೆ

ಹಲ್ಲು ಕಚ್ಚಿದರೆ ಕಿವಿಮೊರೆತ ಏರುತ್ತದೆ, ಆಕಳಿಸಿದರೆ ಕಿವಿ ಕಟ್ಟಿದಂತಾಗುತ್ತದೆ, ಅಗಿಯುವಾಗ ಕಿವಿಯ ಮುಂದೆ ಲಟಕ್ ಎನ್ನುತ್ತದೆ. ಇಂಥ ದೂರು ಹೊತ್ತು ಬರುವವರು ಕಿವಿ-ಮೂಗು-ಗಂಟಲು ವೈದ್ಯರಿಗೂ ದಂತವೈದ್ಯರಿಗೂ ಹೊಸಬರಲ್ಲ. ಅನೇಕರಲ್ಲಿ ಕಿವಿಯ ತಮಟೆ ಸ್ವಚ್ಛವಾಗಿರುತ್ತದೆ, ಶ್ರವಣ ಪರೀಕ್ಷೆಯೂ ಸರಿಯಾಗಿಯೇ ಬರುತ್ತದೆ. ಆದರೂ ಕೆಲವರಿಗೆ ‘ಒಳಕಿವಿಯ ತೊಂದರೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಇನ್ನು ಕೆಲವರ ಹಲ್ಲುಗಳನ್ನು ‘ಕಚ್ಚು ಸರಿಪಡಿಸಲು’ ತೇಯಲಾಗುತ್ತದೆ. ಎರಡೂ ಒಂದೇ ಗೊಂದಲದಿಂದ ಹುಟ್ಟಿದ ನಿರ್ಣಯಗಳು. ದವಡೆಗೂ ಕಿವಿಗೂ ಇರುವ ನಂಟು ನಿಜ. ಆದರೆ ಅದು ಮೂಳೆ ಒತ್ತುವುದರಿಂದ ಒದಗಿದ್ದಲ್ಲ, ನರಜಾಲದ ಮೂಲಕ ಸಾಗುವಂಥದು ಎಂಬುದು ಈ ಲೇಖನದ ವಾದ.

ಮೂಳೆ ಒತ್ತುತ್ತದೆಂಬ ಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ವೈದ್ಯ ಜೇಮ್ಸ್ ಕಾಸ್ಟನ್. 1934ರಲ್ಲಿ 11 ರೋಗಿಗಳ ವಿವರಗಳೊಂದಿಗೆ ಅವರು ಪ್ರಕಟಿಸಿದ ಲೇಖನದಲ್ಲಿ ಕಿವಿನೋವು, ಕಿವಿ ಕಟ್ಟುವಿಕೆ, ಮೊರೆತ, ಮಂದ ಶ್ರವಣ, ತಲೆಸುತ್ತು, ನಾಲಿಗೆಯ ಉರಿ ಎಲ್ಲವೂ ಒಂದೇ ಕಾರಣದ ಫಲಗಳಾಗಿ ನಿಂತವು. ಅವರ ವಾದ ಹೀಗಿತ್ತು: ಹಿಂದಿನ ದವಡೆಹಲ್ಲುಗಳು ಹೋದಾಗ ಬಾಯಿ ಅತಿಯಾಗಿ ಮುಚ್ಚಿಕೊಳ್ಳುತ್ತದೆ. ಕೆಳದವಡೆಯ ತುದಿಗುಂಡು ಹಿಂದಕ್ಕೆ ಸರಿದು ಅಲ್ಲಿನ ನರಗಳನ್ನೂ ಯೂಸ್ಟೇಷಿಯನ್ ನಾಳವನ್ನೂ ಒತ್ತುತ್ತದೆ. ಹಲ್ಲುಸೆಟ್ಟು ಕೂರಿಸಿ ಕಚ್ಚಿನ ಎತ್ತರ ಹೆಚ್ಚಿಸಿದರೆ ಒತ್ತಡ ಇಳಿಯುತ್ತದೆ. ವಿವರಣೆ ಅಚ್ಚುಕಟ್ಟಾಗಿತ್ತು, ಚಿಕಿತ್ಸೆ ಕೈಗೆಟಕುವಂತಿತ್ತು. ‘ಕಾಸ್ಟನ್ ಸಿಂಡ್ರೋಮ್’ ಎಂಬ ಹೆಸರು ಬಹುಬೇಗ ಪಠ್ಯಗಳಿಗೆ ಸೇರಿತು.

1948ರಲ್ಲಿ ಅಂಗರಚನಾ ತಜ್ಞ ಹ್ಯಾರಿ ಸಿಕರ್ ಇದನ್ನು ಒರೆಗೆ ಹಚ್ಚಿದರು. ಕೀಲಿನ ಸುತ್ತಲಿನ ಮೂಳೆಯ ರಚನೆಯನ್ನು ಗಮನಿಸಿದರೆ, ತುದಿಗುಂಡು ಹಿಂದೆ ಸರಿದು ಆ ನರಗಳನ್ನು ಹಿಂಡುವುದು ಕಾಸ್ಟನ್ ಹೇಳಿದ ರೀತಿಯಲ್ಲಿ ಸಾಧ್ಯವಿಲ್ಲವೆಂದು ತೋರಿಸಿದರು. ಹೀಗೆ ಕಾರಣ ಕುಸಿಯಿತು, ಲಕ್ಷಣಗಳು ಉಳಿದವು. ಕಾಸ್ಟನ್ ರೋಗಿಗಳು ಹೇಳಿದ್ದನ್ನು ಶ್ರದ್ಧೆಯಿಂದ ಕೇಳಿ ದಾಖಲಿಸಿದ್ದರು. ಅವರ ವಿವರಣೆ ತಪ್ಪಾದ ಮಾತ್ರಕ್ಕೆ ಆ ದಾಖಲೆ ತಪ್ಪಾಗುವುದಿಲ್ಲ. ಈ ಭೇದವನ್ನು ಮರೆತದ್ದರಿಂದಲೇ ಮುಂದಿನ ದಶಕಗಳಲ್ಲಿ ಒಂದು ಪಕ್ಷ ಎಲ್ಲವನ್ನೂ ನಂಬಿತು, ಇನ್ನೊಂದು ಪಕ್ಷ ಎಲ್ಲವನ್ನೂ ತಳ್ಳಿಹಾಕಿತು.

ಭ್ರೂಣಶಾಸ್ತ್ರ ಇಲ್ಲಿ ಬಹಳ ನೆರವಾಗುತ್ತದೆ. 1837ರಲ್ಲಿ ಜರ್ಮನಿಯ ರೈಕರ್ಟ್ ತೋರಿಸಿದಂತೆ, ಸಸ್ತನಿಗಳ ಮಧ್ಯಕಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳು ಮೂಲತಃ ದವಡೆಯ ಭಾಗಗಳು. ಮನುಷ್ಯ ಭ್ರೂಣದಲ್ಲಿ ಕೆಳದವಡೆಗೆ ಆಸರೆಯಾಗುವ ಮೆಕೆಲ್ ಮೃದ್ವಸ್ಥಿಯ ಹಿಂತುದಿಯಿಂದಲೇ ಈ ಎರಡು ಮೂಳೆಗಳು ರೂಪುಗೊಳ್ಳುತ್ತವೆ. ಕೀಲಿನ ತಟ್ಟೆಯನ್ನು ಸುತ್ತಿಗೆ ಮೂಳೆಗೆ ಜೋಡಿಸುವ ಒಂದು ಸಣ್ಣ ಕಟ್ಟನ್ನು 1962ರಲ್ಲಿ ಪಿಂಟೋ ವರ್ಣಿಸಿದರು. ತಮಟೆಯನ್ನು ಬಿಗಿಗೊಳಿಸುವ ಸ್ನಾಯುವಿಗೂ, ಅಂಗುಳನ್ನು ಬಿಗಿಹಿಡಿದು ಯೂಸ್ಟೇಷಿಯನ್ ನಾಳವನ್ನು ತೆರೆಯುವ ಸ್ನಾಯುವಿಗೂ, ಅಗಿಯುವ ಸ್ನಾಯುಗಳಿಗೂ ನರ ಒಂದೇ: ಟ್ರೈಜೆಮಿನಲ್ ನರದ ಕೆಳದವಡೆಯ ಕವಲು. ದವಡೆ ಬಿಗಿದಾಗ ಕಿವಿ ತುಂಬಿದಂತಾಗುವುದಕ್ಕೆ ಈ ಸಮಾನ ನರ ಒಂದು ಕಾರಣವಿರಬಹುದು. ಆದರೆ ಇವೆಲ್ಲ ಮಧ್ಯಕಿವಿಯ ಸಂಗತಿಗಳು. ಒಳಕಿವಿಯ ಹುಟ್ಟೇ ಬೇರೆ. ಅದು ಭ್ರೂಣದ ತಲೆಯ ಪಕ್ಕದ ಹೊರಪದರ ಒಳಕ್ಕೆ ಮಡಚಿಕೊಂಡು ಆದದ್ದು. ದೇಹದಲ್ಲೇ ಅತಿ ಗಟ್ಟಿಯಾದ ಮೂಳೆಯ ಕವಚದೊಳಗೆ ಕುಳಿತದ್ದು. ಅದರ ನರ ಎಂಟನೆಯದು, ರಕ್ತನಾಳವೂ ಪ್ರತ್ಯೇಕ. ದವಡೆಯ ಕೀಲು ಅದನ್ನು ಮುಟ್ಟುವುದಿಲ್ಲ.

ಹಾಗಾದರೆ ಮೊರೆತ ಏಕೆ ಬದಲಾಗುತ್ತದೆ? ಉತ್ತರ ಮಿದುಳುಕಾಂಡದಲ್ಲಿದೆ. ರಾಬರ್ಟ್ ಲೆವಿನ್ 1999ರಲ್ಲಿ, ತಲೆ ಮತ್ತು ಕತ್ತಿನ ಸ್ನಾಯುಗಳಿಂದ ಬರುವ ಸಂವೇದನೆ ಶ್ರವಣಪಥದ ಮೊದಲ ಕೇಂದ್ರವನ್ನೇ ಕದಡಬಲ್ಲದೆಂದು ಪ್ರತಿಪಾದಿಸಿದರು. ಮಿಶಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ತಂಡ ಗಿನಿಯಿಲಿಗಳಲ್ಲಿ ಟ್ರೈಜೆಮಿನಲ್ ನರಕೋಶಗಳ ಎಳೆಗಳು ಆ ಕೇಂದ್ರಕ್ಕೆ ನೇರವಾಗಿ ಸೇರುವುದನ್ನು ಗುರುತಿಸಿತು. ಕಿವಿಯಿಂದ ಬರುವ ಸಂಕೇತ ಕುಗ್ಗಿದಾಗ ಈ ಸ್ಪರ್ಶ-ಸ್ನಾಯು ಸಂಕೇತಗಳ ಪ್ರಭಾವ ಹೆಚ್ಚುತ್ತದೆ ಎಂಬುದು ಮುಂದಿನ ಪ್ರಯೋಗಗಳ ಮುಖ್ಯ ಫಲಿತಾಂಶ. ಶ್ರವಣ ಸ್ವಲ್ಪ ಕುಂದಿದ ಕಿವಿ, ಜೊತೆಗೆ ರಾತ್ರಿಯೆಲ್ಲ ಹಲ್ಲು ಕಡಿಯುವ ದವಡೆ: ಇವೆರಡು ಸೇರಿದಲ್ಲಿ ಮೊರೆತ ಏಕೆ ಗಟ್ಟಿಯಾಗುತ್ತದೆಂಬುದು ಈಗ ಅರ್ಥವಾಗುತ್ತದೆ. ಒಂದು ಎಚ್ಚರಿಕೆ ಅಗತ್ಯ. ಹಲ್ಲು ಕಚ್ಚಿ ಮೊರೆತವನ್ನು ಏರಿಳಿಸಬಲ್ಲವರು ಮೊರೆತವುಳ್ಳವರಲ್ಲಿ ತೀರ ಸಾಮಾನ್ಯ. ಆದ್ದರಿಂದ ಅದೊಂದನ್ನೇ ಹಿಡಿದು ‘ಕಾರಣ ದವಡೆಯೇ’ ಎನ್ನುವಂತಿಲ್ಲ.

ತಲೆಸುತ್ತಿನ ಪ್ರಶ್ನೆ ಇನ್ನೂ ಬಿಗಿಯಾದ ಪರೀಕ್ಷೆ ಕೇಳುತ್ತದೆ. ತಲೆಸುತ್ತಿನ ಮೂಲ ಒಳಕಿವಿಯಲ್ಲಿರಬಹುದೆಂದು ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ ಸಾರಿದರು. ಅವರ ಹೆಸರಿನ ರೋಗದಲ್ಲಿ ಒಳಕಿವಿಯ ದ್ರವ ಉಬ್ಬುವುದನ್ನು 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಜಪಾನಿನ ಯಮಕಾವಾ ಕಂಡರು. ಸ್ವೀಡನ್ನಿನ ದಂತವೈದ್ಯ ಬ್ಯೋರ್ನೆ ಮತ್ತು ಸಹೋದ್ಯೋಗಿ ಅಗೆರ್‌ಬೆರ್ಗ್ 1996ರಲ್ಲಿ ಮೆನಿಯೇರ್ ರೋಗಿಗಳಲ್ಲಿ ದವಡೆ ಮತ್ತು ಕತ್ತಿನ ತೊಂದರೆ ಹೆಚ್ಚೆಂದು ವರದಿ ಮಾಡಿದರು. ಆಸಕ್ತಿಕರ ಅಧ್ಯಯನ, ಆದರೆ ಎರಡು ತೊಂದರೆಗಳು ಜೊತೆಗೆ ಕಂಡವೆಂದರೆ ಒಂದು ಇನ್ನೊಂದನ್ನು ಹುಟ್ಟಿಸಿತೆಂದು ಸಿದ್ಧವಾಗುವುದಿಲ್ಲ. ಪದೇ ಪದೇ ತಲೆ ತಿರುಗಿ ಬೀಳುವ ಭಯದಲ್ಲಿ ಬದುಕುವವರು ಕತ್ತು, ದವಡೆ ಬಿಗಿಹಿಡಿದೇ ಇರುತ್ತಾರೆ. 2015ರ ಅಂತರರಾಷ್ಟ್ರೀಯ ಮಾನದಂಡದಂತೆ ಖಚಿತ ಮೆನಿಯೇರ್ ರೋಗವೆನ್ನಲು 20 ನಿಮಿಷದಿಂದ 12 ಗಂಟೆ ಕಾಲ ಇರುವ ತಲೆಸುತ್ತು ಕನಿಷ್ಠ ಎರಡು ಸಲವಾದರೂ ಬಂದಿರಬೇಕು, ಕೆಳಸ್ತರದಿಂದ ಮಧ್ಯಮಸ್ತರದ ಧ್ವನಿಗಳಲ್ಲಿ ಶ್ರವಣನಷ್ಟ ಪರೀಕ್ಷೆಯಲ್ಲಿ ದಾಖಲಾಗಿರಬೇಕು. ದವಡೆಯ ನೋವಿನವರಲ್ಲಿ ಈ ದಾಖಲೆ ಸಾಮಾನ್ಯವಾಗಿ ಇರುವುದಿಲ್ಲ.

ಬಾಯಿಯಿಂದ ಒಳಕಿವಿಗೆ ನೇರ ಪೆಟ್ಟು ತಲುಪುವ ಸಂದರ್ಭವೂ ಒಂದುಂಟು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮೇಲ್ದವಡೆಯಲ್ಲಿ ಇಂಪ್ಲಾಂಟ್ ಕೂರಿಸಲು ಸೈನಸ್ಸಿನ ತಳವನ್ನು ಉಳಿ-ಸುತ್ತಿಗೆಯಿಂದ ಎತ್ತುವ ವಿಧಾನವನ್ನು ಸಮ್ಮರ್ಸ್ 1994ರಲ್ಲಿ ಪರಿಚಯಿಸಿದರು. ತಲೆ ಹಿಂದಕ್ಕೆ ಬಾಗಿರುವಾಗ ಬೀಳುವ ಆ ಏಟುಗಳ ಕಂಪನಕ್ಕೆ ಕೆಲವೊಮ್ಮೆ ಒಳಕಿವಿಯ ಸುಣ್ಣದ ಹರಳುಗಳು ಕಳಚಿ ಅರ್ಧವೃತ್ತ ನಾಳಕ್ಕೆ ಜಾರುತ್ತವೆ. ಮಗ್ಗುಲು ಬದಲಿಸಿದಾಗ ಕೆಲವು ಕ್ಷಣ ಕೋಣೆಯೇ ತಿರುಗುತ್ತದೆ. ಎಪ್ಲಿ 1992ರಲ್ಲಿ ವಿವರಿಸಿದ ತಲೆ ಹೊರಳಿಸುವ ಕ್ರಮದಿಂದ ಇದು ಹೆಚ್ಚಿನವರಲ್ಲಿ ಗುಣವಾಗುತ್ತದೆ. ಇಂಪ್ಲಾಂಟ್ ಮಾಡುವ ಪ್ರತಿ ದಂತವೈದ್ಯರೂ ರೋಗಿಗೆ ಈ ಸಾಧ್ಯತೆಯನ್ನು ಮೊದಲೇ ತಿಳಿಸಬೇಕು.

ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂಚೂಣಿಯಲ್ಲಿರುವ ಕರ್ನಾಟಕಕ್ಕೆ ಹತ್ತಿರದ ಇನ್ನೊಂದು ಕೊಂಡಿಯಿದೆ. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದಂತಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂಗುಳಿನ ಸ್ನಾಯುಗಳಿಗೂ ಹಬ್ಬುತ್ತದೆ. ಆಗ ಯೂಸ್ಟೇಷಿಯನ್ ನಾಳ ಸರಿಯಾಗಿ ತೆರೆಯದೆ ಕೆಲವರಲ್ಲಿ ಕಿವಿ ಮಂದವಾಗುತ್ತದೆ. ಇದೂ ಮಧ್ಯಕಿವಿಯದೇ ತೊಂದರೆ. ನಮ್ಮಲ್ಲಿ ದಂತವೈದ್ಯಕೀಯ ಕಾಲೇಜುಗಳು ಹೇರಳ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಾಯಿ ಬಿಗಿದ ಈ ರೋಗಿಗಳಿಗೆ ಶ್ರವಣ ಪರೀಕ್ಷೆಯೂ ವಾಡಿಕೆಯಾಗಬೇಕು.

ಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದವಡೆಗೆ ವಿಶ್ರಾಂತಿ, ವ್ಯಾಯಾಮ, ಸ್ನಾಯು ಸಡಿಲಿಸುವ ಆರೈಕೆ ಮೊದಲು. ಕಿವಿಯ ಹೆಸರಿನಲ್ಲಿ ಹಲ್ಲು ತೇಯುವುದು ಸಲ್ಲದು, ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಓದುಗರಲ್ಲಿ ಒಂದು ವಿನಂತಿ: ಒಂದು ಕಿವಿಯ ಶ್ರವಣ ಹಠಾತ್ತನೆ ಕುಸಿದರೆ ಅದನ್ನು ದವಡೆಯ ಲೆಕ್ಕಕ್ಕೆ ಹಾಕಿ ಕಾಯಬೇಡಿ. ಕೂಡಲೇ ಕಿವಿ ವೈದ್ಯರಲ್ಲಿಗೆ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ ಆರಂಭವಾದರೆ ಮಾತ್ರ ಹೆಚ್ಚು ಫಲ ಕೊಡುತ್ತದೆ.