ಹದಿನಾರು ಗಣಕಗಳಿಗೆ ಒಂದೇ ಕಡತ: ‘ಮೌಂಟ್’ ಬೆಳೆದು ಬಂದ ದಾರಿ

ಹದಿನಾರು ಗಣಕಗಳನ್ನು ಜಾಲದಲ್ಲಿ ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ಅವಕ್ಕೆ ಹಂಚಿದ್ದೀರಿ ಎಂದು ಭಾವಿಸಿ. ಲೆಕ್ಕಕ್ಕೆ ಬೇಕಾದ ದತ್ತಾಂಶ ಒಂದು ಕಡತದಲ್ಲಿದೆ. ಆ ಕಡತ ಎಲ್ಲಿರಬೇಕು? ಹದಿನಾರು ಪ್ರತಿ ಮಾಡಿಟ್ಟರೆ, ಒಂದರಲ್ಲಿ ಮಾಡಿದ ತಿದ್ದುಪಡಿ ಉಳಿದವಕ್ಕೆ ತಿಳಿಯದು. ಒಂದೇ ಕಡೆ ಇಟ್ಟರೆ, ಉಳಿದ ಗಣಕಗಳು ಅದನ್ನು ತಮ್ಮದೇ ಎಂಬಂತೆ ಓದುವುದು ಹೇಗೆ? ಇದಕ್ಕೆ ಉತ್ತರ ‘ಮೌಂಟ್’ ಎಂಬ ಪುಟ್ಟ ಆಜ್ಞೆಯಲ್ಲಿದೆ.

ಮೌಂಟ್ ಎಂದರೆ ಏರಿಸಿ ಕೂರಿಸುವುದು. ಮೊದಲು ಇದು ಕೈಯಿಂದಲೇ ಮಾಡುವ ಕೆಲಸವಾಗಿತ್ತು. 1960ರ ದಶಕದಲ್ಲಿ ಗಣಕ ಕೇಂದ್ರದ ಸಿಬ್ಬಂದಿ ಟೇಪಿನ ಸುರುಳಿಯನ್ನೋ ಡಿಸ್ಕುಗಳ ಕಟ್ಟನ್ನೋ ತಂದು ಯಂತ್ರಕ್ಕೆ ಏರಿಸುತ್ತಿದ್ದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ರೂಪಿಸಿದಾಗ ಈ ಪದದ ಅರ್ಥ ವಿಸ್ತರಿಸಿತು. 1971ರ ಮೊದಲ ಕೈಪಿಡಿಯಲ್ಲೇ ಮೌಂಟ್ ಇದೆ. ಯುನಿಕ್ಸ್‌ನಲ್ಲಿ ಎಲ್ಲ ಕಡತಗಳೂ ಒಂದೇ ಮರಕ್ಕೆ ಸೇರಿದವು. ಹೊಸ ಡಿಸ್ಕನ್ನು ಸೇರಿಸುವುದೆಂದರೆ ಆ ಮರದ ಒಂದು ತುದಿಗೆ ಮತ್ತೊಂದು ಮರವನ್ನು ಕಸಿ ಕಟ್ಟಿದಂತೆ. ಯಾವ ಕಡತ ಯಾವ ಡಿಸ್ಕಿನಲ್ಲಿದೆ ಎಂಬ ಚಿಂತೆ ಬಳಕೆದಾರನಿಗಿಲ್ಲ.

ಆ ಡಿಸ್ಕು ಬೇರೊಂದು ಗಣಕದಲ್ಲಿದ್ದರೆ? ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ರಸಲ್ ಸ್ಯಾಂಡ್‌ಬರ್ಗ್ ಮತ್ತು ಸಂಗಡಿಗರು 1985ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಅದೇ ಎನ್‌ಎಫ್‌ಎಸ್, ಅಂದರೆ ಜಾಲ ಕಡತ ವ್ಯವಸ್ಥೆ. ಅದರ ಸರ್ವರ್ ಒಬ್ಬ ಮರೆಗುಳಿ ಗುಮಾಸ್ತನಂತೆ. ಹಿಂದಿನ ಅರ್ಜಿ ಅದಕ್ಕೆ ನೆನಪಿರದು. ಯಾವ ಕಡತ, ಎಲ್ಲಿಂದ, ಎಷ್ಟು ಬೈಟ್ ಎಂಬುದನ್ನು ಪ್ರತಿ ಅರ್ಜಿಯಲ್ಲೂ ಪೂರ್ತಿ ಬರೆಯಬೇಕು. ಇದು ದೋಷವಲ್ಲ, ಜಾಣತನ. ಸರ್ವರ್ ಕೆಟ್ಟು ಮತ್ತೆ ಎದ್ದಾಗ ಅದು ನೆನಪಿಸಿಕೊಳ್ಳಬೇಕಾದ್ದು ಏನೂ ಇಲ್ಲ. ಗ್ರಾಹಕ ಗಣಕ ಅದೇ ಅರ್ಜಿಯನ್ನು ಮತ್ತೆ ಕಳಿಸಿದರಾಯಿತು.

1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸಾಮಾನ್ಯ 486 ಗಣಕಗಳನ್ನು ಈಥರ್ನೆಟ್‌ನಿಂದ ಜೋಡಿಸಿ ‘ಬೇವುಲ್ಫ್’ ಎಂಬ ಗುಚ್ಛ ಕಟ್ಟಿದರು. ಅದರಲ್ಲಿದ್ದದ್ದೂ ಹದಿನಾರು ಗಣಕಗಳೇ. ಈ ಮಾದರಿ ವಿಶ್ವವಿದ್ಯಾಲಯಗಳಿಗೆ ಹರಡಿದಂತೆ, ಎನ್‌ಎಫ್‌ಎಸ್ ಅವುಗಳ ಸಾಮಾನ್ಯ ಅಂಗವಾಯಿತು. ಸರ್ವರ್‌ನಲ್ಲಿ ‘ಎಕ್ಸ್‌ಪೋರ್ಟ್ಸ್’ ಪಟ್ಟಿ, ಪ್ರತಿ ಗಣಕದಲ್ಲೂ ‘ಎಫ್‌ಎಸ್‌ಟ್ಯಾಬ್’ ಪಟ್ಟಿ, ಇಷ್ಟೇ ಏರ್ಪಾಡು.

ಆದರೆ ಎಚ್ಚರ ತಪ್ಪುವಂತಿಲ್ಲ. ಮೊದಲನೆಯದಾಗಿ, ಕಡತದ ದಾರಿ ಎಲ್ಲ ಗಣಕಗಳಲ್ಲೂ ಒಂದೇ ಆಗಿರಬೇಕು. ಎರಡನೆಯದು, ಹಳೆಯ ಎನ್‌ಎಫ್‌ಎಸ್ ಬಳಕೆದಾರನನ್ನು ಗುರುತಿಸುತ್ತಿದ್ದುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಸಂಖ್ಯೆ ಹೊಂದದಿದ್ದರೆ ಒಬ್ಬರ ಕಡತ ಇನ್ನೊಬ್ಬರದಾಗುತ್ತದೆ! ಮೂರನೆಯದು, ‘ಹಾರ್ಡ್’ ಮೌಂಟ್ ಸರ್ವರ್ ಮರಳುವವರೆಗೂ ಕಾಯುತ್ತದೆ. ‘ಸಾಫ್ಟ್’ ಮೌಂಟ್ ಕೆಲವು ಬಾರಿ ಯತ್ನಿಸಿ ದೋಷ ಸೂಚಿಸಿ ಬಿಟ್ಟುಬಿಡುತ್ತದೆ. ಆ ಸೂಚನೆಯನ್ನು ಗಮನಿಸದ ಪ್ರೋಗ್ರಾಂ ಅರ್ಧ ಬರೆದ ಕಡತವನ್ನೇ ಪೂರ್ಣವೆಂದು ತಿಳಿಯಬಹುದು. ಇನ್ನೂ ಮೋಸದ ಸಂಗತಿಯೆಂದರೆ, ಒಂದು ಗಣಕದಲ್ಲಿ ಮೌಂಟ್ ಆಗದೇ ಉಳಿದರೂ ಆ ಖಾಲಿ ಕಡತಕೋಶ ಅಲ್ಲೇ ಇರುತ್ತದೆ. ಪ್ರೋಗ್ರಾಂ ತನ್ನ ಫಲಿತಾಂಶವನ್ನು ಸ್ವಂತ ಡಿಸ್ಕಿಗೆ ಬರೆಯಬಹುದು. ನೀವು ಸರ್ವರ್‌ನಲ್ಲಿ ಹುಡುಕುತ್ತಿರುತ್ತೀರಿ!

ಗುಚ್ಛಗಳು ದೊಡ್ಡದಾದಂತೆ ಒಂದೇ ಸರ್ವರ್ ಮುಂದೆ ಎಲ್ಲರೂ ಸಾಲುಗಟ್ಟಿದರು. ಹೀಗಾಗಿ ಕಡತವನ್ನು ತುಂಡುಮಾಡಿ ಹಲವು ಸರ್ವರ್‌ಗಳಲ್ಲಿ ಇಡುವ ಪಿವಿಎಫ್‌ಎಸ್, ಲಸ್ಟರ್‌ನಂಥ ಸಮಾಂತರ ವ್ಯವಸ್ಥೆಗಳು ಬಂದವು. 2010ರಲ್ಲಿ ಎನ್‌ಎಫ್‌ಎಸ್ 4.1ರ ನಿರೂಪಣೆಯಲ್ಲೂ ಈ ಸೌಲಭ್ಯ ಸೇರಿತು. ಆದರೂ ಬಳಕೆದಾರನಿಗೆ ಕಾಣುವುದು ಅದೇ ಒಂದು ಮರ.

ನಿಮ್ಮ ಪ್ರಯೋಗಾಲಯದಲ್ಲಿ ಎರಡು ಲಿನಕ್ಸ್ ಗಣಕಗಳಿದ್ದರೆ ಇದನ್ನು ಪರೀಕ್ಷಿಸಬಹುದು. ಒಂದರ ಕಡತಕೋಶವನ್ನು ಇನ್ನೊಂದರಲ್ಲಿ ಹಾರ್ಡ್ ಮೌಂಟ್ ಮಾಡಿ, ದೊಡ್ಡ ಕಡತವೊಂದನ್ನು ಅದಕ್ಕೆ ನಕಲಿಸುತ್ತಿರುವಾಗಲೇ ಜಾಲದ ಕೇಬಲ್ ಕಿತ್ತುನೋಡಿ. ಕೆಲಸ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ನಂತರ ಕೇಬಲ್ ಮತ್ತೆ ಸಿಕ್ಕಿಸಿ. ನಿಂತಲ್ಲಿಂದಲೇ ಮುಂದುವರಿಯುವುದನ್ನು ನಿಮ್ಮ ವಿದ್ಯಾರ್ಥಿಗಳು ಕಣ್ಣಾರೆ ಕಾಣುವರು.